ನೋಡದೇ ಮೆಚ್ಚಿಕೊಂಡಿದ್ದ ಸಿನಿಮಾ

ಒಂದು ತಪ್ಪೊಪ್ಪಿಗೆಯಿಂದಲೇ ಶುರು ಮಾಡ್ತೀನಿ. ಸುಮಾರು ಆರು ವರ್ಷ, ನಾನು ನೋಡದೇ ಇದ್ದ ಒಂದು ಸಿನಿಮಾದ ಬಗ್ಗೆ ಸಿಕ್ಕಸಿಕ್ಕವರಿಗೆಲ್ಲ ಭಾಷಣ ಬಿಗಿದಿದ್ದೇನೆ. ಡೆನ್ಮಾರ್ಕಿನ ಕಾರ್ಲ್ ಡ್ರೇಯರ್ ಫ್ರಾನ್ಸಿಗೆ ಹೋಗಿ ಮಾಡಿದ 1928ರ ಮೂಕಿಚಿತ್ರ, ‘ದ ಪ್ಯಾಶನ್ ಆಫ್ ಜೋನ್ ಆಫ್ ಆರ್ಕ್’.

ಶುರುವಾಗಿದ್ದು ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ. ಗೊದಾರ್‌ನ ‘ವಿವ್ರ್ ಸಾ ವಿ’ (1962) ನೋಡ್ತಾ ಇದ್ದೆ. ಅದರಲ್ಲಿ ಆನಾ ಕರೀನಾ ಕತ್ತಲೆ ಥಿಯೇಟರಿನಲ್ಲಿ ಕೂತು ಡ್ರೇಯರ್‌ನ ಇದೇ ಚಿತ್ರ ನೋಡ್ತಾ ಅಳ್ತಾಳೆ. ಪರದೆ ಮೇಲೆ ಇನ್ನೊಂದು ಮುಖ, ಅದೂ ಅಳ್ತಿದೆ. ಯಾರಪ್ಪಾ ಇವಳು ಅಂತ ಹುಡುಕಿದೆ. ರೆನೆ ಫಾಲ್ಕೊನೆಟ್ಟಿ ಅನ್ನೋ ನಾಟಕದ ನಟಿ. ಆ ಮುಖ ಇರೋ ಪೋಸ್ಟರನ್ನು ಎ-3 ಹಾಳೆಯಲ್ಲಿ ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸಿದೆ. ಕೆಲಸ ಸಿಕ್ಕ ಮೇಲೆ ಪೀಜಿಯಿಂದ ಪೀಜಿಗೆ ನನ್ನ ಜೊತೆ ಪೋಸ್ಟರೂ ತಿರುಗಿತು. ಸಿನಿಮಾ ಮಾತ್ರ ನೋಡಲಿಲ್ಲ.

ಆದರೆ ಶೂಟಿಂಗ್ ಫೋಟೋಗಳನ್ನ ನೋಡಿದ್ದೇ ನೋಡಿದ್ದು. ಪ್ಯಾರಿಸ್ ಹೊರಗಿನ ಪೆತಿ-ಕ್ಲಮಾರ್ ಅನ್ನೋ ಕಡೆ ಒಂದು ಇಡೀ ಕೋಟೆ ಕಟ್ಟಿದ್ದರು ಮಾರಾಯ್ರೇ! ಗೋಪುರ, ಮನೆಗಳು, ಚರ್ಚು, ಎತ್ತೋ ಸೇತುವೆ. ಗೋಡೆಗಳು ಕಾಂಕ್ರೀಟಿನವು, ಮೇಲೆ ಜನ ಓಡಾಡಬಹುದಾದಷ್ಟು ಗಟ್ಟಿ. ಬಣ್ಣ ಗುಲಾಬಿ! ಕಪ್ಪು-ಬಿಳುಪಿನಲ್ಲಿ ಅದು ಬೂದು ಬಣ್ಣವಾಗಿ ಆಕಾಶದಿಂದ ಬೇರೆಯಾಗಿ ಕಾಣಲಿ ಅಂತ. ಕ್ಯಾಮೆರಾವನ್ನ ತಗ್ಗಿನಲ್ಲಿಡೋಕೆ ಡ್ರೇಯರ್ ಎಲ್ಲೆಂದರಲ್ಲಿ ಗುಂಡಿ ತೋಡಿಸ್ತಿದ್ದನಂತೆ. ಕೆಲಸಗಾರರು ಅವನಿಗೆ ‘ಗ್ರುಯೆರ್’ ಅಂತ ಹೆಸರಿಟ್ಟರು. ಅದು ತೂತು ಇರೋ ಒಂದು ಜಾತಿ ಚೀಸು :-)

ಇನ್ನು ಪ್ರಿಂಟಿನ ಕಥೆ. ಆಫೀಸಿನಲ್ಲಿ ಬ್ಯಾಕಪ್ ಬಗ್ಗೆ ಯಾರಾದರೂ ಉದಾಸೀನ ಮಾಡಿದರೆ ನಾನು ಹೇಳೋದು ಇದನ್ನೇ. ಮೂಲ ನೆಗೆಟಿವ್ 1928ರ ಡಿಸೆಂಬರಿನಲ್ಲಿ ಬರ್ಲಿನ್ನಿನಲ್ಲಿ ಬೆಂಕಿಗೆ ಹೋಯ್ತು. ಬಳಸದೇ ಉಳಿದಿದ್ದ ಟೇಕುಗಳನ್ನ ಜೋಡಿಸಿ ಡ್ರೇಯರ್ ಇನ್ನೊಂದು ನೆಗೆಟಿವ್ ಮಾಡಿದ. ಅದೂ ಮರುವರ್ಷ ಸುಟ್ಟಿತು ಅಂತಾಯ್ತು. ಆಮೇಲೆ ಓಡಾಡಿದ್ದೆಲ್ಲ ಕತ್ತರಿಸಿ ಜೋಡಿಸಿದ ಪ್ರತಿಗಳು. ತನ್ನ ಚಿತ್ರ ಹೋಯ್ತು ಅಂದುಕೊಂಡೇ ಆತ 1968ರಲ್ಲಿ ತೀರಿಕೊಂಡ. 1981ರಲ್ಲಿ ಓಸ್ಲೋ ಹತ್ತಿರದ ಡಿಕೆಮಾರ್ಕ್ ಮಾನಸಿಕ ಆಸ್ಪತ್ರೆಯ ಒಂದು ಕಪಾಟಿನಲ್ಲಿ ಡಬ್ಬಗಳು ಸಿಕ್ಕವು. ತೆಗೆದು ನೋಡಿದರೆ ಡ್ಯಾನಿಶ್ ಅಕ್ಷರಗಳಿದ್ದ ಹಳೇ ಪ್ರತಿ, ಕತ್ತರಿ ಬೀಳದೇ ಇದ್ದದ್ದು! ನಾವು ಇವತ್ತು ನೋಡೋದು ಅದರಿಂದ ಸರಿಪಡಿಸಿದ ಚಿತ್ರ.

ಇಷ್ಟೆಲ್ಲ ಬಾಯಿಪಾಠವಾಗಿದ್ದರೂ ಸಿನಿಮಾ ಯಾಕೆ ನೋಡಲಿಲ್ಲ? ನಿಜ ಹೇಳಬೇಕಂದ್ರೆ ಹೆದರಿಕೆ. ಇಷ್ಟು ತಲೆ ಮೇಲೆ ಹೊತ್ತುಕೊಂಡ ಮೇಲೆ ನೋಡಿ ಬೋರ್ ಹೊಡೆದರೆ?

ಹೋದ ತಿಂಗಳು ಅಮ್ಮ ಊರಿಂದ ಬಂದಿದ್ದಳು. ಸಂಜೆ ಜೋರು ಮಳೆ. ಗೋಡೆ ನೋಡಿ “ಈ ಹುಡುಗಿ ಯಾರೋ, ಯಾವಾಗ್ಲೂ ಅಳ್ತಾ ಇರ್ತಾಳೆ?” ಅಂದಳು. ಮೂಕಿಚಿತ್ರ, ಭಾಷೆಯ ತೊಂದರೆ ಇಲ್ಲ, ಅಕ್ಷರ ಬಂದಾಗ ನಾನು ಹೇಳಿದರಾಯ್ತು ಅಂತ ಲ್ಯಾಪ್‌ಟಾಪ್ ಇಟ್ಟೆ.

ಮೊದಲ ಹತ್ತು ನಿಮಿಷ ನಾನು ಕೋಟೆ ಹುಡುಕ್ತಾ ಇದ್ದೆ. ಇಲ್ಲ! ಅಷ್ಟು ದುಡ್ಡು ಸುರಿದು ಕಟ್ಟಿದ ಕೋಟೆ ಅಲ್ಲೊಂದು ಇಲ್ಲೊಂದು ತುಣುಕು ಬಿಟ್ಟರೆ ಕಾಣೋದೇ ಇಲ್ಲ. ಬರೀ ಮುಖಗಳು. ಮೇಕಪ್ ಇಲ್ಲದ, ಸುಕ್ಕು, ನರುಲಿ, ಬೆವರು ಎಲ್ಲ ಕಾಣೋ ಮುಖಗಳು. ನಾನು ಆರು ವರ್ಷ ಮೆಚ್ಚಿಕೊಂಡಿದ್ದನ್ನ ನಿರ್ದೇಶಕ ಪಕ್ಕಕ್ಕಿಟ್ಟುಬಿಟ್ಟಿದ್ದ. ಅಮ್ಮನಿಗೆ ಕೋಟೆಯ ವಿಷಯ ಗೊತ್ತೇ ಇರಲಿಲ್ಲ. ಅವಳು ಮುಖ ಮಾತ್ರ ನೋಡ್ತಿದ್ದಳು.

ಕೊನೆಯ ಹೊತ್ತಿಗೆ ಜೋನಳ ತಲೆ ಬೋಳಿಸ್ತಾರೆ. ಫಾಲ್ಕೊನೆಟ್ಟಿಯ ಕೂದಲನ್ನ ಕ್ಯಾಮೆರಾ ಮುಂದೆ ನಿಜವಾಗಿಯೇ ತೆಗೆದದ್ದು. ಆಮೇಲೆ ಒಬ್ಬ ನೆಲಕ್ಕೆ ಬಿದ್ದ ಕೂದಲನ್ನ ಪೊರಕೆಯಲ್ಲಿ ಗುಡಿಸ್ತಾನೆ. “ಅಮ್ಮಾ, ಇದು ಸುಳ್ಳಲ್ಲ, ನಿಜವಾಗ್ಲೂ...” ಅಂತ ನನ್ನ ಭಾಷಣ ಶುರು ಮಾಡುವಷ್ಟರಲ್ಲಿ ಅಮ್ಮ ಕೈ ಹಿಡಿದು ಸುಮ್ಮನಿರಿಸಿದಳು.

ಮುಗಿದ ಮೇಲೆ ಸ್ವಲ್ಪ ಹೊತ್ತು ಬಿಟ್ಟು ಹೇಳಿದಳು: “ನನ್ನ ಅಜ್ಜಿಗೂ ಹೀಗೇ ಮಾಡ್ತಿದ್ದರು. ಕ್ಷೌರದವನು ಹಿತ್ತಿಲಿಗೆ ಬರೋನು. ನಮ್ಮನ್ನೆಲ್ಲ ಜಗುಲಿಗೆ ಓಡಿಸೋರು. ಒಂದು ಸಲ ನಾನು ಕಿಟಕಿಯಿಂದ ನೋಡಿದ್ದೆ. ಅಜ್ಜಿ ಅಳ್ತಾ ಇರಲಿಲ್ಲ. ಕಣ್ಣು ಮಾತ್ರ ಇವಳ ಹಾಗೇ, ಎಲ್ಲೋ ಮೇಲೆ ನೋಡ್ತಾ ಇತ್ತು.”

ಇಪ್ಪತ್ತೆಂಟು ವರ್ಷದಲ್ಲಿ ಈ ಮಾತು ನಾನು ಕೇಳೇ ಇರಲಿಲ್ಲ. ಕೆಂಪು ಸೀರೆಯ ಅಜ್ಜಿ ಒಬ್ಬರಿದ್ದರು ಅಂತ ಗೊತ್ತಿತ್ತು, ಅಷ್ಟೇ.

“ಅವರ ಫೋಟೋ ಇದೆಯಾ?” ಅಂದೆ.

“ಮಡಿ ಹೆಂಗಸಿನ ಫೋಟೋ ಯಾರು ತೆಗೀತಾರೋ?”

ಪೋಸ್ಟರ್ ಇನ್ನೂ ಗೋಡೆ ಮೇಲಿದೆ. ಎಲ್ಲೋ ದೂರದ ದೇಶದಲ್ಲಿ, 1927ರಲ್ಲಿ ಕೂದಲು ಕತ್ತರಿಸಿಕೊಂಡ ನಟಿಯ ಮುಖ ಎರಡು ಬೆಂಕಿ ದಾಟಿ ನನ್ನ ರೂಮಿಗೆ ಬಂದಿದೆ. ನಮ್ಮದೇ ಹಿತ್ತಿಲಿನ ಮುಖದ ಒಂದೇ ಪ್ರತಿ ಅಮ್ಮನ ನೆನಪಿನಲ್ಲಿದೆ. ಅದಕ್ಕೆ ಬ್ಯಾಕಪ್ ಇಲ್ಲ.

ಅವತ್ತು ರಾತ್ರಿ ಅಮ್ಮ ಹೇಳಿದ್ದನ್ನೆಲ್ಲ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ದೀಪಾವಳಿಗೆ ಊರಿಗೆ ಹೋದಾಗ ಅಟ್ಟದ ಮೇಲಿನ ಟ್ರಂಕು ತೆಗೆದು ನೋಡಬೇಕು. ಅದರಲ್ಲಿ ಏನೂ ಇಲ್ಲ ಅಂತಾಳೆ ಅಮ್ಮ. ಆ ಆಸ್ಪತ್ರೆಯ ಕಪಾಟಿನ ಬಗ್ಗೆಯೂ ಜನ ಹಾಗೇ ಅಂದುಕೊಂಡಿದ್ದರೋ ಏನೋ...