ಅವ್ವನ ಶ್ರುತಿಗೆ ಒಂದು ಪೇಟಿ

ಲಂಡನ್ನಿನಲ್ಲಿರುವ ನಮ್ಮ ತಂಡದವನೊಬ್ಬ ಒಂದು ಶುಕ್ರವಾರ ವಿಡಿಯೋ ಕರೆಯ ಕೊನೆಗೆ ಕಾನ್ಸರ್ಟಿನಾ ನುಡಿಸಿ ತೋರಿಸಿದ. ಎರಡು ಅಂಗೈಗಳ ನಡುವೆ ಹಿಡಿಯುವ ಆರು ಮೂಲೆಯ ಪುಟ್ಟ ಪೆಟ್ಟಿಗೆ. ನಡುವೆ ತಿದಿ, ಎರಡೂ ಬದಿಗೆ ಗುಂಡಿ. ಐವತ್ತು ದಾಟಿದ ಮೇಲೆ ಕಲಿಯಲು ಕೂತನಂತೆ. ಹಾಗಾದರೆ 38ಕ್ಕೆ ನಾನೂ ಕಲಿಯಬಹುದಲ್ಲ ಎಂದು ಆಸೆಯಾಯಿತು. ಬೆಲೆ ನೋಡಿದೆ, ಆಸೆ ಅರ್ಧ ಇಳಿಯಿತು. ಕೆಟ್ಟರೆ ಚೆನ್ನೈಯಲ್ಲಿ ಯಾರ ಬಳಿ ಒಯ್ಯುವುದು ಎಂದು ಯೋಚಿಸಿದಾಗ ಉಳಿದರ್ಧವೂ ಹೋಯಿತು.

ಹಿಂದೆ ಕೂತು ನೋಡುತ್ತಿದ್ದ ಅವ್ವ ಅಂದಳು, "ಇದು ನಮ್ಮ ಪೇಟೀ ಮರಿ ಅಲ್ಲೇನೋ?"

ಅವಳ ಮಾತು ಸರಿಯಾಗಿಯೇ ಇತ್ತು. ಎರಡರಲ್ಲೂ ಹಾಡುವುದು ಗಾಳಿಗೆ ಕಂಪಿಸುವ ಲೋಹದ ತೆಳು ನಾಲಿಗೆಗಳೇ. ಆಂಗ್ಲೋ ಬಗೆಯ ಕಾನ್ಸರ್ಟಿನಾದಲ್ಲಿ ತಿದಿ ಒತ್ತಿದಾಗ ಒಂದು ಸ್ವರ ಬಂದರೆ, ಅದೇ ಗುಂಡಿ ಹಿಡಿದು ಎಳೆದಾಗ ಇನ್ನೊಂದು ಸ್ವರ. ನಮ್ಮ ಹಾರ್ಮೋನಿಯಂನಲ್ಲಿ ಹೊರಗಿನ ತಿದಿ ತಳ್ಳಿದ ಗಾಳಿಯನ್ನು ಒಳಗಿನ ಇನ್ನೊಂದು ತಿದಿ ಹಿಡಿದಿಟ್ಟುಕೊಂಡು ಸಮನಾಗಿ ಬಿಡುತ್ತದೆ. ಹಾಗಾಗಿ ಎಡಗೈಗೆ ಗಾಳಿಯ ಕೆಲಸ, ಬಲಗೈಗೆ ಸ್ವರದ ಕೆಲಸ. ಯುರೋಪಿನಲ್ಲಿ ಕಾಲಿನಿಂದ ಒತ್ತುತ್ತಿದ್ದ ದೊಡ್ಡ ವಾದ್ಯವನ್ನು ನೆಲದ ಮೇಲೆ ಕೂತು ಕೈಯಿಂದ ನುಡಿಸುವಂತೆ ಮಾಡಿದವರಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷರ ಹೆಸರು ದೊಡ್ಡದು.

ಅವ್ವ ಧಾರವಾಡದಲ್ಲಿದ್ದಾಗ ಓಣಿಯ ಭಜನಾ ಮಂಡಳಿಯಲ್ಲಿ ಹಾಡುತ್ತಿದ್ದಳು. ಅಪ್ಪ ಹೋದ ಮೇಲೆ ಮನೆಗೆ ಬೀಗ ಹಾಕಿ, ತಿರುವೊಟ್ಟಿಯೂರಿನ ನಮ್ಮ ಫ್ಲ್ಯಾಟಿಗೆ ಬಂದಳು. ಬಂದ ಒಂದೂವರೆ ವರ್ಷದಲ್ಲಿ ನಾನು ಅವಳ ಹಾಡು ಕೇಳಿರಲಿಲ್ಲ. ಕೇಳಿದರೆ, "ಪೇಟಿ ಇಲ್ಲ, ಜೊತೀಗೆ ಮಂದಿ ಇಲ್ಲ, ಒಬ್ಬಾಕಿ ಏನು ಹಾಡ್ಲಿ?" ಅನ್ನುತ್ತಿದ್ದಳು. ಮಂದಿಯನ್ನು ತರುವುದು ನನ್ನ ಕೈಲಿರಲಿಲ್ಲ. ಪೇಟಿ ತರಬಹುದಿತ್ತು.

ಅಂಗಡಿಗೆ ಹೋಗುವ ಮುಂಚೆ ಒಬ್ಬ ಹಿರಿಯರ ಪರಿಚಯವಾಯಿತು. ಹಿಂದೆ ತಮಿಳು ನಾಟಕಗಳಿಗೆ ಹಾರ್ಮೋನಿಯಂ ನುಡಿಸಿದವರು, ಈಗ ತೇರಡಿಯ ಹತ್ತಿರ ಮಗಳ ಮನೆಯಲ್ಲಿದ್ದಾರೆ. ನಾನು ಅವರನ್ನು ಅಯ್ಯಾ ಅನ್ನುತ್ತೇನೆ, ಅವರು ನನ್ನನ್ನು ತಂಬಿ ಅನ್ನುತ್ತಾರೆ. ಅಂಗಡಿಯವನು ಸ್ಕೇಲ್ ಚೇಂಜರ್ ಇರುವ ಪೆಟ್ಟಿಗೆ ಮುಂದಿಟ್ಟ. ಅದರಲ್ಲಿ ಇಡೀ ಮನೆಸಾಲನ್ನೇ ಜರುಗಿಸಿ ಶ್ರುತಿ ಬದಲಿಸಬಹುದು, ಬೆರಳಿನ ಜಾಗ ಬದಲಿಸಬೇಕಿಲ್ಲ. ನನಗೆ ಅದೇ ಬೇಕಿತ್ತು. ಅಯ್ಯಾ ಬೇಡವೆಂದರು. ತೂಕ ಜಾಸ್ತಿ, ಬೆಲೆ ಜಾಸ್ತಿ, ಜೊತೆಗೆ ನಿನ್ನ ಬೆರಳು ಒಂದೇ ದಾರಿ ಕಲಿತು ಕುಂಟಾಗುತ್ತದೆ ಅಂದರು.

ಅವರು ಪೇಟಿ ಪರೀಕ್ಷಿಸಿದ ರೀತಿ ಕೊಳ್ಳುವವರಿಗೆಲ್ಲ ಉಪಯೋಗಕ್ಕೆ ಬಂದೀತು. ಮೊದಲು ಸ್ಟಾಪರುಗಳನ್ನೆಲ್ಲ ಮುಚ್ಚಿ, ಗಾಳಿ ತುಂಬಿ ಕೈಬಿಟ್ಟರು. ಗಾಳಿ ಬೇಗ ಇಳಿದರೆ ಎಲ್ಲೋ ಸೋರಿಕೆ ಇದೆ ಎಂದರ್ಥ. ಆಮೇಲೆ ಸ್ಟಾಪರ್ ತೆರೆದು, ಯಾವ ಮನೆಯನ್ನೂ ಒತ್ತದೆ ತಿದಿ ತಳ್ಳಿದರು. ತಾನಾಗಿ ಯಾವ ಸ್ವರವೂ ಕೂಗಬಾರದು. ಕೊನೆಗೆ ಸಣ್ಣ ಗಾಳಿಯಲ್ಲಿ ಒಂದೊಂದೇ ಮನೆ ಒತ್ತುತ್ತ ಮಂದ್ರದಿಂದ ತಾರದವರೆಗೆ ಹೋದರು. ತಡವಾಗಿ ಬಾಯಿ ಬಿಡುವ ರೀಡು ಇರಬಾರದು. ಮೂರನೆಯ ಪೆಟ್ಟಿಗೆ ಪಾಸಾಯಿತು. ಮೂರೂವರೆ ಸಪ್ತಕ, 42 ಮನೆ, ಎರಡು ಸಾಲು ರೀಡು. ಅಲಂಕಾರ ಏನೂ ಇಲ್ಲ.

ಇಲ್ಲಿಯ ಕಡಲ ಗಾಳಿಗೆ ಕಿಟಕಿಯ ಚಿಲಕವೇ ತುಕ್ಕು ಹಿಡಿಯುತ್ತದೆ. ಪೇಟಿಯ ಸ್ಪ್ರಿಂಗು, ಸ್ಕ್ರೂ ಬಿಟ್ಟೀತೆ? ತೇವಕ್ಕೆ ಮರ ಉಬ್ಬಿ ಮನೆಗಳು ಸಿಕ್ಕಿಕೊಳ್ಳುವುದೂ ಉಂಟು. ಹಾಗಾಗಿ ಬಟ್ಟೆ ಸುತ್ತಿ, ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಬಾಲ್ಕನಿಯಿಂದ ದೂರ ಇಟ್ಟಿದ್ದೇನೆ.

ಇಂಥ ಊರಿಗೆ ಪೇಟಿ ತಂದದ್ದಕ್ಕೆ ಸ್ವಲ್ಪ ಸಂಕೋಚವೂ ಇತ್ತು. ಇಲ್ಲಿಯ ದೇವಸ್ಥಾನದ ತ್ರಿಪುರಸುಂದರಿಯ ಮೇಲೆ ತ್ಯಾಗರಾಜರು ಐದು ಕೃತಿ ರಚಿಸಿದ್ದಾರೆ, ತಿರುವೊಟ್ಟಿಯೂರು ಪಂಚರತ್ನ ಎಂದೇ ಅವಕ್ಕೆ ಹೆಸರು. ಅಂಥ ಸಂಗೀತದ ಜೀವ ಗಮಕ. ಪೇಟಿಯಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲು ಆಗುವುದಿಲ್ಲ, ಜಿಗಿಯಬೇಕು. ಇಂಥ ಕಾರಣಗಳಿಗೇ ಆಕಾಶವಾಣಿ 1940ರಲ್ಲಿ ಅದನ್ನು ಹೊರಗಿಟ್ಟಿತ್ತು, ಬಾಗಿಲು ಮತ್ತೆ ಸ್ವಲ್ಪ ತೆರೆದದ್ದು 1971ರಲ್ಲಿ. ಆದರೆ ನಮ್ಮ ಕಡೆ ಬೆಳಗಾವಿಯ ರಾಮಭಾವು ವಿಜಾಪುರೆಯವರಂಥವರು ಜೀವನವಿಡೀ ಅದನ್ನೇ ನುಡಿಸಿ ಗಾಯಕರಿಗೆ ಸಾಥ್ ಕೊಟ್ಟರು. ಭಜನೆ, ನಾಟಕ, ದೊಡ್ಡಾಟಗಳಂತೂ ಯಾರ ಅಪ್ಪಣೆಗೂ ಕಾಯಲಿಲ್ಲ.

ಕಲಿಕೆ ನಾನಂದುಕೊಂಡಂತೆ ನಡೆಯಲಿಲ್ಲ. ದಿನವಿಡೀ ಕಂಪ್ಯೂಟರಿನ ಕೀಲಿಮಣೆ ಕುಟ್ಟುವ ಬೆರಳಿಗೆ ಇದು ಸುಲಭ ಅಂದುಕೊಂಡಿದ್ದೆ. ಬಲಗೈ ವೇಗ ಹೆಚ್ಚಿದ ಕೂಡಲೇ ಎಡಗೈಯೂ ಅದರ ಹಿಂದೆ ಓಡುತ್ತಿತ್ತು, ಪೇಟಿ ಕೆಮ್ಮುತ್ತಿತ್ತು. ಅಯ್ಯಾ ಎರಡು ವಾರ ಬರೀ ಸಾ ಹಿಡಿಸಿದರು. ನಿಧಾನವಾಗಿ, ಅಲುಗದಂತೆ, ಒಂದೇ ಸಾ.

ಮೂರು ತಿಂಗಳಿಗೆ ಒಂದು ದಾಸರ ಪದ ಕೈಗೆ ಬಂತು. ಹೆಮ್ಮೆಯಿಂದ ಅವ್ವನ ಮುಂದೆ ಕೂತೆ. ನಾನು ಕಲಿತದ್ದು ಬಿಳಿ ಒಂದರಲ್ಲಿ. ಅವಳು ಬಾಯಿ ತೆರೆದು, ಮೇಲೆ ಹಾಡಲು ಹೋಗಿ, ಕೆಳಗೆ ಹಾಡಲು ಹೋಗಿ, ನಿಲ್ಲಿಸಿಬಿಟ್ಟಳು. "ನಂಗ ಹೊಂದಂಗಿಲ್ಲಪ್ಪಾ. ನಾ ಕರಿ ನಾಲ್ಕರಾಗ ಹಾಡಾಕಿ." ಕರಿ ನಾಲ್ಕು ಹಿಡಿದುಕೊಟ್ಟೆ. ತಾರಕ್ಕೆ ಹೋದಾಗ ದನಿ ಒಡೆಯಿತು. ಅವಳು ಎದ್ದು ಅಡುಗೆಮನೆಗೆ ಹೋದಳು. ವಯಸ್ಸಿನೊಂದಿಗೆ ದನಿ ಇಳಿಯುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ. ಅವಳಿಗೆ ಅದು ಗೊತ್ತಾದದ್ದು ಬಹುಶಃ ಆ ಸಂಜೆ, ನನ್ನ ಎದುರಿಗೇ.

ಅಯ್ಯಾಗೆ ಹೇಳಿದೆ. ಅವರು ಮನೆಗೆ ಬಂದು, ಅವ್ವನಿಗೆ ಕೈ ಮುಗಿದು, ಏನನ್ನೂ ಕೇಳದೆ ಒಂದೊಂದೇ ಸಾ ಹಿಡಿಯುತ್ತ ಕೆಳಗಿಳಿದರು. ಅವ್ವ ಗುನುಗಿದಳು. ಬಿಳಿ ನಾಲ್ಕಕ್ಕೆ ಬಂದಾಗ ದನಿ ತಾನೇ ಕೂತಿತು. "ನಾಲು ಕಟ್ಟೆ" ಅಂದರು. ತಮಿಳರು ಶ್ರುತಿಗೆ ಹೇಳುವುದು ಹಾಗೆ. ಅವ್ವನಿಗೆ ಅರಳಿಕಟ್ಟೆ ನೆನಪಾಗಿ ನಕ್ಕಳು.

ನಾನು ಅದೇ ಪದವನ್ನು ಬಿಳಿ ನಾಲ್ಕರಲ್ಲಿ ಮೊದಲಿನಿಂದ ಕಲಿತೆ. ಬೆರಳಿನ ದಾರಿ ಪೂರ್ತಿ ಬೇರೆ, ಮತ್ತೆ ಒಂದು ತಿಂಗಳು ಹಿಡಿಯಿತು. ಸ್ಕೇಲ್ ಚೇಂಜರ್ ಇದ್ದಿದ್ದರೆ ಒಂದು ನಿಮಿಷದ ಕೆಲಸ. ಆದರೆ ಆ ತಿಂಗಳಿಡೀ ಅವ್ವ ಪಕ್ಕದಲ್ಲಿ ಕೂತು ನನ್ನ ತಪ್ಪು ಎಣಿಸುತ್ತ ಗುನುಗುತ್ತಿದ್ದಳು.

ಈಗ ಶುಕ್ರವಾರ ಸಂಜೆ ನಮ್ಮಲ್ಲಿ ಭಜನೆ. ಎದುರುಮನೆಯ ಅಮ್ಮ ಅರ್ಥವಾಗದಿದ್ದರೂ ಬಂದು ತಾಳ ಹಾಕುತ್ತಾರೆ. ಎರಡನೆಯ ನುಡಿಯಲ್ಲಿ ನನ್ನ ಬೆರಳು ಇನ್ನೂ ತಪ್ಪುತ್ತದೆ. ಕೈ ತೆಗೆಯಲು ಹೋದರೆ ಅವ್ವ ಹಾಡುತ್ತಲೇ ಕಣ್ಣಿನಲ್ಲಿ ಗದರುತ್ತಾಳೆ. ಮೊನ್ನೆ ಹಾಡು ಮುಗಿದ ಮೇಲೆ ಅಂದಳು, "ತಪ್ಪಿದ್ರ ತಪ್ಪಲಿ, ಗಾಳಿ ಬಿಡಬ್ಯಾಡ. ನಾ ನಿಂದರಂಗಿಲ್ಲ."