ಫಲಿತಾಂಶ ಯಾರ ತರಗತಿಯದು?

ಮೇಷ್ಟ್ರುಗಳ ಪಾಲಿಗೆ ಹೊಸ ವರ್ಷ ಯುಗಾದಿಯ ದಿನ ಬರುವುದಿಲ್ಲ, ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಬರುತ್ತದೆ. ಅಂದು ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಎಲ್ಲರೂ ಸೇರುತ್ತೇವೆ. ಯಾವ ಹುಡುಗ ಪಾಸಾದ, ಯಾವ ಹುಡುಗಿ ಬಿದ್ದಳು ಎಂದು ಕೇಳುವುದಕ್ಕೆ ಮೊದಲೇ ಶೇಕಡಾ ಎಷ್ಟು ಎಂಬ ಲೆಕ್ಕ ಶುರುವಾಗುತ್ತದೆ. ಆಮೇಲೆ ವಿಷಯವಾರು ಪಟ್ಟಿ. ನನ್ನದು ಸಮಾಜ ವಿಜ್ಞಾನ. ಅದರ ಎದುರಿಗೆ ನೂರು ಎಂಬ ಅಂಕಿ ಬಿದ್ದ ವರ್ಷ ನಾನು ಮನೆಗೆ ಬರುವಾಗ ದಾರಿಯಲ್ಲಿ ಕಾಲು ಕೆ.ಜಿ. ಮೈಸೂರು ಪಾಕು ಕಟ್ಟಿಸಿಕೊಂಡು ಬಂದದ್ದುಂಟು.

ಆ ನೂರು ಹೇಗೆ ಬರುತ್ತಿತ್ತು ಎಂಬುದನ್ನೂ ಹೇಳಿಬಿಡಬೇಕು. ದಸರಾ ರಜೆ ಮುಗಿದ ಮೇಲೆ ನಾನು ಪಾಠ ಮಾಡುವುದನ್ನು ನಿಲ್ಲಿಸಿ ಉತ್ತರ ಬರೆಸಲು ಕೂರುತ್ತಿದ್ದೆ. ಯಾವ ಪ್ರಶ್ನೆ ಬರಬಹುದು, ಅದಕ್ಕೆ ಎಷ್ಟು ಪಾಯಿಂಟು, ಒಂದೊಂದು ಪಾಯಿಂಟಿಗೆ ಎಷ್ಟು ಸಾಲು, ಎಲ್ಲವೂ ಸಿದ್ಧ. ಹಿಂದುಳಿದ ಮಕ್ಕಳಿಗೆ ಇನ್ನೂ ಚಿಕ್ಕದಾದ ‘ಪಾಸಿಂಗ್ ಪ್ಯಾಕೇಜ್’. ಮಕ್ಕಳು ಗಟ್ಟು ಹೊಡೆದರು, ಪಾಸಾದರು. ತಾಲ್ಲೂಕು ಮಟ್ಟದ ಸಭೆಯಲ್ಲಿ ನನಗೆ ಒಂದು ಶಾಲು, ಒಂದು ಹಣ್ಣಿನ ಬುಟ್ಟಿ. ಇದರಲ್ಲಿ ತಪ್ಪಿದೆ ಎಂದು ನನಗೆ ಅನಿಸಿದ್ದು ತೀರ ಈಚೆಗೆ. ಅನಿಸುವಂತೆ ಮಾಡಿದವಳು ನನ್ನ ತಂಗಿಯ ಮಗಳು.

ಅವಳು ಎಂ.ಎ. ಮಾಡಿ, ಕೆ-ಸೆಟ್ ಪಾಸು ಮಾಡಿ, ನಮ್ಮ ಊರಿನ ಸರಕಾರಿ ಕಾಲೇಜಿನಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕಿಯಾಗಿದ್ದಾಳೆ. ಇರುವುದು ನಮ್ಮ ಮನೆಯಲ್ಲೇ. ತಿಥಿ ಇಲ್ಲದೆ ಬರುವವನೇ ಅತಿಥಿ ಎಂದು ನಮಗೆ ಸಂಸ್ಕೃತದ ಮೇಷ್ಟ್ರು ಹೇಳಿಕೊಟ್ಟಿದ್ದರು. ಈ ಅತಿಥಿಗಳಿಗೆ ಬರುವ ತಿಥಿ ಗೊತ್ತಿರುವುದಿಲ್ಲ ನಿಜ, ಹೋಗುವ ತಿಥಿ ಮಾತ್ರ ಮೊದಲೇ ನಿಗದಿಯಾಗಿರುತ್ತದೆ. ವರ್ಷ ಮುಗಿದರೆ ಕೆಲಸ ಮುಗಿಯಿತು. ಮತ್ತೆ ಅರ್ಜಿ, ಮತ್ತೆ ಪಟ್ಟಿ, ಮತ್ತೆ ಕಾಯುವುದು. ಕರ್ನಾಟಕದ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಹೀಗೆ ದುಡಿಯುವವರು ಹತ್ತು ಸಾವಿರಕ್ಕೂ ಹೆಚ್ಚು ಜನ. 2022ರ ಜನವರಿಯಲ್ಲಿ ಸರಕಾರ ಗೌರವಧನ ಹೆಚ್ಚಿಸುವವರೆಗೆ ಇವರ ಕೈಗೆ ಬರುತ್ತಿದ್ದದ್ದು ತಿಂಗಳಿಗೆ 11 ಸಾವಿರ, ಯುಜಿಸಿ ಅರ್ಹತೆ ಇದ್ದವರಿಗೆ 13 ಸಾವಿರ. ಆಮೇಲೆ ಹಣ ಹೆಚ್ಚಾಯಿತು. ಮುಂದಿನ ವರ್ಷ ಇದೇ ತರಗತಿಯ ಮುಂದೆ ನಿಲ್ಲುತ್ತೇನೋ ಇಲ್ಲವೋ ಎಂಬ ಚಿಂತೆ ಮಾತ್ರ ಹಾಗೆಯೇ ಉಳಿಯಿತು.

ಒಂದು ಸಂಜೆ ಅವಳು ಮಳೆಯಲ್ಲಿ ನೆನೆದು ಬಂದಳು. ಕೊಡೆ ಕೈಯಲ್ಲೇ ಇತ್ತು, ಬಿಚ್ಚಿರಲಿಲ್ಲ. ಕಾಫಿ ಕೊಟ್ಟೆ. ಲೋಟ ಖಾಲಿಯಾದ ಮೇಲೆ ಮಾತು ಹೊರಟಿತು.

“ದೊಡ್ಡಮ್ಮ, ಹುಡುಗರು ಅಭಿಪ್ರಾಯದ ಫಾರಮ್ಮಿನಲ್ಲಿ ಬರೆದಿದ್ದಾರೆ. ಈ ಮೇಡಂ ನೋಟ್ಸ್ ಕೊಡುವುದಿಲ್ಲ, ನಮ್ಮಿಂದಲೇ ಬರೆಸುತ್ತಾರೆ ಅಂತ. ಪ್ರಿನ್ಸಿಪಾಲರು ಬೈಯಲಿಲ್ಲ. ಸ್ವಲ್ಪ ನೋಡಿಕೊಳ್ಳಮ್ಮ, ನಿನಗೇ ಒಳ್ಳೆಯದು ಅಂದರು.”

ನಾನು ಶಾಲೆಗೆ ಸೇರಿದ 1994ರಲ್ಲೇ ಬೆಂಗಳೂರಿನಲ್ಲಿ ನ್ಯಾಕ್ ಸಂಸ್ಥೆ ಹುಟ್ಟಿದ್ದು. ಕಾಲೇಜುಗಳನ್ನು ತೂಗಿ ದರ್ಜೆ ಕೊಡುವುದು ಅದರ ಕೆಲಸ. ವಿದ್ಯಾರ್ಥಿಗಳಿಗೆ ತೃಪ್ತಿಯಾಗಿದೆಯೇ ಎಂದು ಕೇಳುವುದೂ ಈಗ ಆ ತೂಕದಲ್ಲಿ ಸೇರಿದೆ. ಕೇಳುವುದು ತಪ್ಪಲ್ಲ. ನಮ್ಮ ಕಾಲದಲ್ಲಿ ಯಾರೂ ಕೇಳದೆ ಇದ್ದುದರಿಂದಲೇ ಎಷ್ಟೋ ಮೇಷ್ಟ್ರುಗಳು ಮೂವತ್ತು ವರ್ಷ ಒಂದೇ ಹಳದಿ ನೋಟ್‌ಬುಕ್ ಓದಿ ನಿವೃತ್ತರಾದರು. ಆದರೆ ಕಾಯಂ ಇರುವವರು ಫಾರಮ್ಮಿನ ಒಂದು ಸಾಲನ್ನು ಓದಿ ನಕ್ಕುಬಿಡಬಹುದು. ವರ್ಷದ ಅತಿಥಿಗೆ ಆ ಸಾಲು ಎದೆಯೊಳಗೆ ಇಳಿಯುತ್ತದೆ.

“ಹಾಗಾದರೆ ಸ್ವಲ್ಪ ನೋಟ್ಸ್ ಕೊಟ್ಟುಬಿಡು ಪುಟ್ಟಿ, ಏನಾಯಿತೀಗ?” ಎಂದೆ. ಮೂವತ್ತು ವರ್ಷ ಅದನ್ನೇ ಮಾಡಿದವಳು ನಾನು, ಬೇರೆ ಏನು ಹೇಳಲಿ?

ಅವಳು ಉತ್ತರ ಕೊಡಲಿಲ್ಲ. ಅಂದು ರಾತ್ರಿ ಊಟವಾದ ಮೇಲೆ ಒಂದು ಸಂಶೋಧನೆಯ ವಿಷಯ ಹೇಳಿದಳು. ಸ್ಕಾಟ್ ಕ್ಯಾರೆಲ್ ಮತ್ತು ಜೇಮ್ಸ್ ವೆಸ್ಟ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 2010ರಲ್ಲಿ ಪ್ರಕಟಿಸಿದ ಅಧ್ಯಯನ. ನಡೆದದ್ದು ಅಮೆರಿಕದ ಕೊಲರಾಡೋದಲ್ಲಿರುವ ವಾಯುಪಡೆಯ ಅಕಾಡೆಮಿಯಲ್ಲಿ. ಅಲ್ಲಿ ಯಾವ ವಿದ್ಯಾರ್ಥಿ ಯಾವ ಅಧ್ಯಾಪಕರ ತರಗತಿಗೆ ಹೋಗಬೇಕೆಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸುತ್ತಾರೆ. ಪಠ್ಯ ಒಂದೇ, ಪರೀಕ್ಷೆ ಒಂದೇ. ಬುದ್ಧಿವಂತ ಮಕ್ಕಳೆಲ್ಲ ಒಬ್ಬರ ಪಾಲಿಗೆ ಬಂದರು, ದಡ್ಡರೆಲ್ಲ ನನ್ನ ಪಾಲಿಗೆ ಬಂದರು ಎಂಬ ನಮ್ಮ ಸ್ಟಾಫ್ ರೂಮಿನ ಹಳೆಯ ದೂರಿಗೆ ಅಲ್ಲಿ ಜಾಗವಿಲ್ಲ. ಹತ್ತು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಅಂಕಗಳನ್ನು ಅವರು ಲೆಕ್ಕ ಹಾಕಿದರು.

ಕಂಡದ್ದು ವಿಚಿತ್ರ. ಮೊದಲ ಗಣಿತದ ಕೋರ್ಸಿನಲ್ಲಿ ಅನುಭವ ಕಡಿಮೆ ಇದ್ದ ಅಧ್ಯಾಪಕರ ವಿದ್ಯಾರ್ಥಿಗಳೇ ಹೆಚ್ಚು ಅಂಕ ತೆಗೆದರು, ತಮ್ಮ ಗುರುಗಳನ್ನು ಹೆಚ್ಚು ಮೆಚ್ಚಿದರು. ಆದರೆ ಅದೇ ವಿದ್ಯಾರ್ಥಿಗಳು ಅದನ್ನು ಆಧರಿಸಿದ ಮುಂದಿನ ಕೋರ್ಸಿಗೆ ಹೋದಾಗ ಲೆಕ್ಕ ತಿರುಗಿತು. ಅಲ್ಲಿ ಮೇಲೆ ಬಂದವರು ಅನುಭವಸ್ಥರ ಕೈಯಲ್ಲಿ ಕಲಿತವರು. ಮೊದಲ ಕೋರ್ಸಿನಲ್ಲಿ ಇವರ ಅಂಕವೂ ಕಡಿಮೆ, ಗುರುಗಳಿಗೆ ಇವರು ಕೊಟ್ಟ ಮೆಚ್ಚುಗೆಯೂ ಕಡಿಮೆ. ಪರೀಕ್ಷೆಗೆಂದೇ ಕಲಿಸಿದರೆ ಆ ಪರೀಕ್ಷೆ ಗೆಲ್ಲುತ್ತದೆ, ಆಳವಾಗಿ ಕಲಿಸಿದರೆ ಮುಂದಿನದು ಗೆಲ್ಲುತ್ತದೆ ಎಂಬುದು ಅದಕ್ಕೆ ಅವರು ಕೊಟ್ಟ ವಿವರಣೆಗಳಲ್ಲಿ ಒಂದು.

“ನಿನಗೂ ಅನುಭವ ಕಡಿಮೆಯೇ ಅಲ್ಲವೇನೇ?” ಎಂದು ಚುಡಾಯಿಸಿದೆ. ಅವಳು ನಗಲಿಲ್ಲ. ಚೀಲದಿಂದ ಒಂದು ಕಟ್ಟು ಉತ್ತರಪತ್ರಿಕೆ ತೆಗೆದು ನನ್ನ ಮುಂದಿಟ್ಟಳು.

“ನಿಮ್ಮ ಶಾಲೆಯಿಂದ ಬಂದ ಹುಡುಗರು ದೊಡ್ಡಮ್ಮ. ಸುಮ್ಮನೆ ಓದಿ.”

ಹಲಗಲಿಯ ಬೇಡರು 1857ರಲ್ಲಿ ಏಕೆ ದಂಗೆ ಎದ್ದರು ಎಂಬುದು ಅವಳು ಕೇಳಿದ್ದ ಪ್ರಶ್ನೆ. ಆಯುಧಗಳನ್ನು ಒಪ್ಪಿಸಿಬಿಡಿ ಎಂದು ಬ್ರಿಟಿಷರು ಹೊರಡಿಸಿದ ಕಾನೂನಿನ ವಿರುದ್ಧ ಅವರು ಎದ್ದದ್ದು. ಕಾಲೇಜಿನಲ್ಲಿ ಅವಳು ಅದನ್ನು ಪಾಠ ಮಾಡಿದ್ದಳಂತೆ. ಉತ್ತರಪತ್ರಿಕೆಗಳಲ್ಲಿ ಇದ್ದದ್ದೇ ಬೇರೆ: ರಾಜಕೀಯ ಕಾರಣ, ಆರ್ಥಿಕ ಕಾರಣ, ಆಡಳಿತಾತ್ಮಕ ಕಾರಣ, ಸೈನಿಕ ಕಾರಣ, ಕೊನೆಗೆ ದನದ ಮತ್ತು ಹಂದಿಯ ಕೊಬ್ಬು ಸವರಿದ ತೋಟಾಗಳು. ಒಂದು, ಎರಡು, ಮೂರು ಎಂದು ಅಂಕಿ ಹಾಕಿ, ಕೆಳಗೆ ಗೆರೆ ಎಳೆದು. ಸಿಪಾಯಿಗಳ ದಂಗೆಯ ಕಾರಣಗಳನ್ನೆಲ್ಲ ಹಲಗಲಿಯ ಬೇಡರ ತಲೆಗೆ ಕಟ್ಟಿಬಿಟ್ಟಿದ್ದರು. ಅಕ್ಷರ ದುಂಡಾಗಿತ್ತು. ವಾಕ್ಯಗಳು ಒಂದೂ ತಪ್ಪಿರಲಿಲ್ಲ. ತಪ್ಪಲು ಸಾಧ್ಯವೂ ಇರಲಿಲ್ಲ, ಏಕೆಂದರೆ ಅವೆಲ್ಲ ನನ್ನ ವಾಕ್ಯಗಳು. ಹತ್ತನೆಯ ತರಗತಿಯಲ್ಲಿ ನಾನು ಬರೆಸಿದ್ದು, ಎರಡು ವರ್ಷದ ಪಿ.ಯು.ಸಿ. ದಾಟಿ, ಅಲ್ಪವಿರಾಮವೂ ಅಳಿಸದೆ ಅವಳ ಮೇಜಿಗೆ ಬಂದು ಕುಳಿತಿತ್ತು.

ನೂರಕ್ಕೆ ನೂರು ತೆಗೆಸಿದ ನನ್ನ ಫಲಿತಾಂಶವನ್ನು ನಾನು ಮೊದಲ ಸಲ ನೋಡಿದ್ದು ಆ ರಾತ್ರಿ, ಬೇರೊಬ್ಬರ ತರಗತಿಯಲ್ಲಿ. ಕೊಲರಾಡೋದ ಗಣಿತ ನಮ್ಮ ಮನೆಯ ಜಗಲಿಗೇ ಬಂದು ಕುಳಿತ ಹಾಗಾಯಿತು. ಆದರೆ ಅನುಭವದ ಲೆಕ್ಕ ಇಲ್ಲಿ ಹೊಂದಲಿಲ್ಲ. ಅಷ್ಟು ವರ್ಷದ ಅನುಭವ ಇಟ್ಟುಕೊಂಡು ಪರೀಕ್ಷೆಗೆಂದೇ ಕಲಿಸಿದವಳು ನಾನು. ನಾಲ್ಕು ವರ್ಷದ ಅತಿಥಿ ಮುಂದಿನ ತರಗತಿಗೆ ಕಲಿಸುತ್ತಿದ್ದಳು, ಅದಕ್ಕೆ ದೂರನ್ನೂ ಕೇಳುತ್ತಿದ್ದಳು.

ಇನ್ನೊಂದು ಅಧ್ಯಯನವೂ ಇದೆಯಂತೆ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಮೊದಲ ವರ್ಷದ ವಿದ್ಯಾರ್ಥಿಗಳನ್ನು ಕುರಿತು 2013ರಲ್ಲಿ ಬಂದದ್ದು. ಕಾಯಂ ಹುದ್ದೆಯ ಸಾಲಿನಲ್ಲಿ ಇಲ್ಲದ ಅಧ್ಯಾಪಕರ ಕೈಯಲ್ಲಿ ಕಲಿತವರೇ ಅದೇ ವಿಷಯದ ಮುಂದಿನ ಕೋರ್ಸಿನಲ್ಲಿ ಹೆಚ್ಚು ಚೆನ್ನಾಗಿ ಮಾಡಿದರು ಎಂದು ಅದು ಹೇಳುತ್ತದೆ. “ನೋಡಿದೆಯಾ, ಅತಿಥಿಗಳೇ ಮೇಲು!” ಎಂದು ನಾನು ಕುಣಿದೆ. “ಅವರಲ್ಲಿ ಬಹಳ ಜನ ಅಲ್ಲಿ ವರ್ಷಗಟ್ಟಲೆ ಇದ್ದವರು ದೊಡ್ಡಮ್ಮ. ಪಾಠ ಮಾಡುವುದೇ ಅವರ ಕೆಲಸ. ನಮ್ಮ ಹಾಗೆ ವರ್ಷ ವರ್ಷ ಪಟ್ಟಿ ಕಾಯುವವರಲ್ಲ” ಎಂದಳು.

ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದಾಗ ನನಗೆ ತೋಚಿದ್ದು ಇಷ್ಟು. ಕಾಯಂ ಎಂಬ ಮುದ್ರೆಯಿಂದ ಯಾರೂ ಒಳ್ಳೆಯ ಗುರುವಾಗುವುದಿಲ್ಲ, ಅತಿಥಿ ಎಂಬ ಹೆಸರಿನಿಂದ ಕೆಟ್ಟ ಗುರುವೂ ಆಗುವುದಿಲ್ಲ. ಆದರೆ ಕಲಿಸಿದ್ದರ ಫಲ ಎರಡು ಮೂರು ವರ್ಷ ತಡವಾಗಿ, ಇನ್ನೊಬ್ಬರ ಹಿತ್ತಿಲಲ್ಲಿ ಬಿಡುತ್ತದೆ. ಅಡಿಕೆ ಸಸಿ ನೆಟ್ಟವನಿಗೆ ಮಾರ್ಚಿ ತಿಂಗಳಲ್ಲಿ ಕೊನೆ ತೋರಿಸು ಎಂದರೆ ಅವನು ಏನು ಮಾಡಿಯಾನು? ಪೇಟೆಯಿಂದ ಅಡಿಕೆ ತಂದು ತೋರಿಸುತ್ತಾನೆ. ನಾನು ಮೂವತ್ತು ವರ್ಷ ಹಾಗೆ ತೋರಿಸಿದ್ದೆ. ನನಗೆ ಕಾಯಂ ನೌಕರಿ ಇತ್ತು, ಧೈರ್ಯ ಮಾಡಬಹುದಾಗಿತ್ತು, ಮಾಡಲಿಲ್ಲ. ಅವಳಿಗೆ ನೌಕರಿಯ ಭರವಸೆಯಿಲ್ಲ, ಆದರೂ ಸಸಿ ನೆಡುತ್ತಿದ್ದಾಳೆ.

“ನೋಟ್ಸ್ ಕೊಡಬೇಡ” ಎಂದೆ. ಹೇಳುವುದು ಸುಲಭ. ಪಟ್ಟಿಯಲ್ಲಿ ಹೆಸರು ಬರದಿದ್ದರೆ ಬಸ್ಸಿನ ಖರ್ಚಿಗೂ ಕೈಚಾಚಬೇಕಾದವಳು ಅವಳು, ನಾನಲ್ಲ. ಆದ್ದರಿಂದ ನನ್ನ ಪಾಲಿನದನ್ನಾದರೂ ಮಾಡೋಣವೆಂದು ಆ ವರ್ಷದಿಂದ ವಾರಕ್ಕೆ ಎರಡು ಪೀರಿಯಡ್ಡು ಮಕ್ಕಳು ಪುಸ್ತಕ ಮುಚ್ಚಿಟ್ಟು ಸ್ವಂತ ಮಾತಿನಲ್ಲಿ ಬರೆಯಬೇಕೆಂದು ಗೊತ್ತುಮಾಡಿದೆ. ಅಷ್ಟರಮಟ್ಟಿಗೆ ಉತ್ತರ ಬರೆಸುವುದು ಕಡಿಮೆಯಾಯಿತು. ಆ ಸಲ ನನ್ನ ವಿಷಯದಲ್ಲಿ ಇಬ್ಬರು ಬಿದ್ದರು. ಒಬ್ಬಳು ಎರಡನೆಯ ಪರೀಕ್ಷೆಯಲ್ಲಿ ದಾಟಿಕೊಂಡಳು. ಇನ್ನೊಬ್ಬ ಶಾಲೆ ಬಿಟ್ಟು ಗ್ಯಾರೇಜು ಸೇರಿದ. ಪ್ಯಾಕೇಜಿನಲ್ಲಿ ಅವನು ಪಾಸಾಗುತ್ತಿದ್ದ ಎಂಬುದು ನನಗೆ ಗೊತ್ತು. ಅವನ ಗ್ಯಾರೇಜಿನ ಮುಂದೆ ಹೋಗುವಾಗ ಈಗಲೂ ನನ್ನ ಹೆಜ್ಜೆ ಜೋರಾಗುತ್ತದೆ. ನಾನು ಮಾಡಿದ್ದೇ ಸರಿ ಎಂದು ಎದೆ ತಟ್ಟಿ ಹೇಳಲಾರೆ.

ಆದರೆ ಮೊನ್ನೆ ಒಂಬತ್ತನೆಯ ತರಗತಿಯ ಒಬ್ಬ ಹುಡುಗ, 1930ರ ಉಪ್ಪಿನ ಸತ್ಯಾಗ್ರಹದ ಬಗ್ಗೆ ಬರೆ ಎಂದದ್ದಕ್ಕೆ, ‘ಉಪ್ಪು ಎಲ್ಲರಿಗೂ ಬೇಕು, ಬಡವರಿಗೆ ಗಂಜಿಗೆ ಅದೊಂದೇ ಇರುವುದು, ಅದಕ್ಕೇ ಎಲ್ಲರಿಗೂ ಸಿಟ್ಟು ಬಂತು’ ಎಂದು ಬರೆದಿದ್ದ. ಕಾಗುಣಿತ ಎರಡು ಕಡೆ ತಪ್ಪಿತ್ತು. ಮನೆಗೆ ತಂದು ಅವಳಿಗೆ ತೋರಿಸಿದೆ. ಎರಡು ಸಲ ಓದಿದಳು.

“ಇವನು ನನ್ನ ತರಗತಿಗೆ ಬರುವುದು ಯಾವಾಗ?”

ಬೆರಳು ಮಡಿಸಿ ಎಣಿಸಿದೆ. “ಇನ್ನು ನಾಲ್ಕು ವರ್ಷ.”

“ಅಷ್ಟರಲ್ಲಿ ನಾನು ಅಲ್ಲಿದ್ದರೆ...” ಎಂದವಳು ಮಾತು ಮುಗಿಸದೆ ಎದ್ದುಹೋದಳು. ಮುಂದಿನ ವರ್ಷದ ಪಟ್ಟಿ ಇನ್ನೂ ಬಂದಿಲ್ಲ.