ಹಗೇವಿನ ಮೇಲಣ ಮನೆ

ನಮ್ಮ ಮನೆಯ ಪಡಸಾಲೆಯಲ್ಲಿ, ತಲೆಬಾಗಿಲಿನಿಂದ ಎರಡನೆಯ ಕಂಬದ ಮೂಡಣ ಮಗ್ಗುಲಿಗೆ ಹಾಸಿರುವ ಅಗಲವಾದ ಕಲ್ಲಿನ ಮೇಲೆ ಹಿಮ್ಮಡಿಯೂರಿ ನಡೆದವರಿಗೆ, ಉಳಿದ ಯಾವ ಕಲ್ಲಿನಿಂದಲೂ ಹೊರಡದ ಒಂದು ತುಂಬುನಾದವು ಕೇಳಿಬರುತ್ತಿತ್ತು. ಬಾಲ್ಯದಲ್ಲಿ ನಾವು ಆ ಸದ್ದಿನ ಆಸೆಗಾಗಿಯೇ ಅಲ್ಲಿ ಹೋಗಿ ಕುಣಿಯುತ್ತಿದ್ದೆವು. ಅಡುಗೆಯ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ನಮ್ಮ ಅಜ್ಜಿಯು ಆ ಸದ್ದನ್ನು ತನ್ನ ರೊಟ್ಟಿಯ ಸದ್ದಿನ ನಡುವೆಯೂ ಗುರುತಿಸಿ, “ಹಗೇದ ಮ್ಯಾಲ ಕುಣೀಬ್ಯಾಡ್ರೋ, ಲಕ್ಷ್ಮಿ ಮಲಗ್ಯಾಳ” ಎಂದು ಅಲ್ಲಿಂದಲೇ ಗದರಿಸುತ್ತಿದ್ದಳು. ಕಾಳು ತುಂಬಿಡಲು ನೆಲದೊಳಗೆ ತೋಡಿದ ಆ ಹಗೇವು ಅಷ್ಟು ಹೊತ್ತಿಗೆ ಬರಿದಾಗಿ ಎಷ್ಟೋ ವರ್ಷಗಳು ಕಳೆದಿದ್ದವು. ಆದರೂ ಲಕ್ಷ್ಮಿಯು ಅಲ್ಲಿಂದ ಎದ್ದು ಹೋದಳೆಂದು ಹೇಳಲು ಆಕೆಗೆ ಬಾಯಿ ಬರಲಿಲ್ಲ.

ನಮ್ಮೂರಾದ ನರಗುಂದದ ಗುಡ್ಡವು ಸುತ್ತಲೂ ಹಬ್ಬಿದ ಎರೆಯ ಬಯಲಿನ ನಡುವೆ ಏಕಾಕಿಯಾಗಿ ಎದ್ದು ನಿಂತಿದೆ. ಅದರ ಬುಡಕ್ಕೆ ಬೆನ್ನು ಹಚ್ಚಿ ಕುಳಿತ ಹಳೆಯ ಊರಿನಲ್ಲಿ ಕಸಬಾ, ಅರ್ಭಾಣ, ಹಗೇದಕಟ್ಟಿ ಮೊದಲಾದ ಓಣಿಗಳು ಒಂದರ ತೋಳಿನೊಳಗೆ ಇನ್ನೊಂದು ತೋಳನ್ನು ಸೇರಿಸಿದಂತೆ ಹೆಣೆದುಕೊಂಡಿವೆ. ಎದುರುಬದುರಿನ ಕಟ್ಟಿಗಳ ಮೇಲೆ ಕುಳಿತ ಇಬ್ಬರು ಧ್ವನಿಯೆತ್ತದೆಯೇ ಸುಖದುಃಖಗಳನ್ನು ಮಾತಾಡಿಕೊಳ್ಳಬಹುದಾದಷ್ಟು ಅವು ಕಿರಿದು. ಮನೆಗಳೆಲ್ಲವೂ ಗೋಡೆಗೆ ಗೋಡೆ ಕೊಟ್ಟು ನಿಂತ ಮಣ್ಣಿನ ಮಾಳಿಗೆಯವು. ತೊಲೆ, ಜಂತಿಗಳ ಮೇಲೆ ಕಟ್ಟಿಗೆ ಹರಡಿ, ಅದರ ಮೇಲೆ ಸವಳು ಮಣ್ಣನ್ನು ಹಾಕಿ ತುಳಿದು ಕೂಡಿಸಿದ ಆ ಮೇಲ್ಮುದ್ದಿಯು ವೈಶಾಖದ ಬಿಸಿಲನ್ನು ತನ್ನ ಮೈಮೇಲೆ ತಡೆದುಕೊಂಡು ಕೆಳಗಿನವರಿಗೆ ತಂಪನ್ನು ಮಾತ್ರ ಇಳಿಸುತ್ತದೆ. ಬೆಳಕು ಬರುವುದು ಮಾಳಿಗೆಯ ಬೆಳಕಿಂಡಿಯಿಂದ. ಮುಂಜಾನೆ ದೇವರ ಮಾಡದ ಬಳಿ ಬಿದ್ದ ಆ ಬಿಸಿಲಿನ ಬಿಲ್ಲೆಯು ಹೊತ್ತೇರಿದಂತೆ ಪಡಸಾಲೆಯನ್ನು ದಾಟಿ ಗೋದಲಿಯ ಕಡೆಗೆ ಸರಿಯುವುದನ್ನು ನೋಡಿಯೇ ನಮ್ಮ ಅಜ್ಜಿಯು ಊಟದ ಹೊತ್ತನ್ನು ನಿಶ್ಚಯಿಸುತ್ತಿದ್ದಳು.

ಹಗೇದಕಟ್ಟಿಯೆಂಬ ಹೆಸರು ನಮ್ಮ ಹಿರಿಯರು ಈ ನೆಲದಲ್ಲಿ ಏನನ್ನು ಹುಡುಕಿದರೆಂಬುದನ್ನು ತಾನಾಗಿಯೇ ಹೇಳುತ್ತದೆ. ಎರೆಯು ಬಂಗಾರದಂಥ ಬೆಳೆಯನ್ನು ಕೊಡುವ ಮಣ್ಣಾದರೂ ಬೇಸಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುವ ಚಂಚಲವಾದ ನೆಲ. ಅದರಲ್ಲಿ ತೋಡಿದ ಹಗೇವು ಬಹುಕಾಲ ನಿಲ್ಲಲಾರದು. ಆದುದರಿಂದ ಬೆಳೆಯನ್ನು ಹೊಲದಲ್ಲಿ ಬೆಳೆದು, ಅದನ್ನು ಕಾಪಾಡಲು ಗುಡ್ಡದ ಬುಡದ ಒಣಗಿದ ಗಟ್ಟಿನೆಲಕ್ಕೆ ಬಂದರು. ಆಳೊಬ್ಬನು ಕೈಯೂರಿ ಇಳಿಯುವಷ್ಟು ಮಾತ್ರ ಕಿರಿದಾದ ಬಾಯಿ. ಇಳಿದ ತರುವಾಯ ಗಡಿಗೆಯಂತೆ ಸುತ್ತಲೂ ಅಗಲವಾಗುವ ಒಡಲು. ತಳಕ್ಕೂ ಪಕ್ಕಗಳಿಗೂ ಹೊಟ್ಟು, ಕಣಕಿಗಳನ್ನು ದಪ್ಪಗೆ ಕೂಡಿಸಿ, ಸುಗ್ಗಿಯ ಜೋಳವನ್ನು ಹೇರಿಗೆ ಹೇರು ಸುರಿದು, ಮೇಲೆ ಮತ್ತೆ ಹೊಟ್ಟಿನ ಹೊದಿಕೆ ಹಾಕಿ, ಕಲ್ಲು ಮುಚ್ಚಿ, ಗಾಳಿಯಾಡದಂತೆ ಮಣ್ಣಿನಿಂದ ಮೆತ್ತಿಬಿಟ್ಟರೆ ಆ ಕಾಳು ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಇದರ ಕಾರಣವನ್ನು ನಾನು ತಿಳಿದುಕೊಂಡದ್ದು ತೀರ ಈಚೆಗೆ. ಮುಚ್ಚಿದ ಹಗೇವಿನಲ್ಲಿ ಕಾಳೂ ಅದರೊಡನೆ ಒಳಹೊಕ್ಕ ಹುಳವೂ ಉಸಿರಾಡಿ ಅಲ್ಲಿರುವ ಪ್ರಾಣವಾಯುವನ್ನು ತೀರಿಸುತ್ತವೆ, ಅಂಗಾರಾಮ್ಲವಾಯುವು ತುಂಬುತ್ತದೆ, ಹುಳ ಸಾಯುತ್ತದೆ, ಕಾಳು ಉಳಿಯುತ್ತದೆ. ಔಷಧದ ಪುಡಿಯಿಲ್ಲದೆ, ಗುಳಿಗೆಯಿಲ್ಲದೆ, ಕಾಳಿನ ಉಸಿರಿನಿಂದಲೇ ಕಾಳನ್ನು ಕಾಪಾಡಿದ ಈ ಬುದ್ಧಿಯನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಗೌರವದಿಂದ ಬಾಗುತ್ತದೆ.

ಆ ವಾಯುವೇ ಮನುಷ್ಯನಿಗೆ ಮೃತ್ಯುವೂ ಆಗಿತ್ತು. ಬಾಯಿ ತೆರೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಸ್ವಲ್ಪ ಹೊತ್ತು ಹಾಗೆಯೇ ಬಿಟ್ಟು, ಅನಂತರ ಹಗ್ಗಕ್ಕೆ ದೀಪವನ್ನು ಕಟ್ಟಿ ಇಳಿಬಿಟ್ಟು, ದೀಪವು ಆರದಿದ್ದರೆ ಮಾತ್ರ ಆಳು ಇಳಿಯತಕ್ಕದ್ದು ಎಂಬುದು ನಿಯಮ. ಹೊರತೆಗೆದ ಜೋಳಕ್ಕೆ ಹಗೇವಿನದೇ ಆದ ಒಂದು ಕಮಟು ವಾಸನೆಯಿರುತ್ತಿತ್ತು. ಬಿಸಿಲಿಗೆ ಹರವಿದಾಗ ಓಣಿಗೆ ಓಣಿಯೇ ಆ ವಾಸನೆಯಿಂದ ತುಂಬುತ್ತಿತ್ತೆಂದು ಅಜ್ಜಿ ಹೇಳುತ್ತಿದ್ದಳು. 1876ರಿಂದ 78ರ ವರೆಗೆ ಈ ಸೀಮೆಯನ್ನೆಲ್ಲ ಸುಟ್ಟ ಮಹಾಕ್ಷಾಮದಂಥ ಕಾಲದಲ್ಲಿ ಹಗೇವು ತುಂಬಿದ್ದ ಮನೆಗೂ ಬರಿದಾಗಿದ್ದ ಮನೆಗೂ ಇದ್ದ ಅಂತರವೆಂದರೆ ಜೀವಕ್ಕೂ ಸಾವಿಗೂ ಇರುವ ಅಂತರವೇ. ಇಟಲಿ ದೇಶದ ಚೆರಿನ್ಯೋಲಾ ಎಂಬ ಊರಿನಲ್ಲಿಯೂ ಮಾಲ್ಟಾ ದ್ವೀಪದ ಫ್ಲೋರಿಯಾನಾದಲ್ಲಿಯೂ ಇಂಥವೇ ನೆಲದ ಕಣಜಗಳಿದ್ದು, ಅವನ್ನು ಅಲ್ಲಿಯವರು ಊರಿನ ಒಡವೆಗಳೆಂದು ಕಾಪಾಡಿಕೊಂಡಿದ್ದಾರೆ.

ನರಗುಂದವೆಂದೊಡನೆ ಓದಿದವರು ನೆನೆಯುವುದು ಕೋಟೆಯನ್ನು ಮತ್ತು ರಾಜರನ್ನು. ಅದು ಸಹಜವೇ. 1785ರಲ್ಲಿ ಟಿಪ್ಪುವಿನ ಸೈನ್ಯವು ಈ ಗುಡ್ಡವನ್ನು ಮುತ್ತಿತು. 1787ರ ಗಜೇಂದ್ರಗಡದ ಒಪ್ಪಂದದಲ್ಲಿ ಇದು ಮರಳಿ ಮರಾಠರ ಕಡೆಗೆ ಬಂದಿತು. 1858ರ ಮೇ ತಿಂಗಳಲ್ಲಿ, ದತ್ತಕದ ಹಕ್ಕನ್ನು ಕಳೆದುಕೊಂಡು ನೊಂದಿದ್ದ ಇಲ್ಲಿಯ ರಾಜ ಭಾಸ್ಕರರಾವ್ ಭಾವೆಯವರು, ಊರವರ ಬಾಯಲ್ಲಿ ಬಾಬಾಸಾಹೇಬರು, ಬ್ರಿಟಿಷರ ವಿರುದ್ಧ ಎದ್ದರು. ಸುರೇಬಾನದಲ್ಲಿ ತಂಗಿದ್ದ ಮ್ಯಾನ್ಸನ್ ಎಂಬ ಅಧಿಕಾರಿಯನ್ನು ಕೊಂದು ಅವನ ರುಂಡವನ್ನು ಊರ ಅಗಸಿಗೆ ತೂಗಹಾಕಿದರು. ಕೆಲವೇ ದಿನಗಳಲ್ಲಿ ಕೋಟೆ ಬಿದ್ದಿತು, ಜೂನ್ ತಿಂಗಳಲ್ಲಿ ಬೆಳಗಾವಿಯಲ್ಲಿ ಅವರನ್ನು ಗಲ್ಲಿಗೇರಿಸಿದರು. ಈ ಕಥೆಯನ್ನು ಕೇಳಿದಾಗ ಇಂದಿಗೂ ನನ್ನ ಮೈ ನವಿರೇಳುತ್ತದೆ. ಆದರೆ ಅಂದು ಅಗಸಿಯ ಬಾಗಿಲು ಹಾಕಿಕೊಂಡ ಊರಿನೊಳಗೆ ಉಳಿದ ಹೆಂಗಸರು ಮಕ್ಕಳು ಉಂಡದ್ದು ಯಾವ ಕಾಳನ್ನು ಎಂಬ ಪ್ರಶ್ನೆಯನ್ನು ಹಾಕಿಕೊಂಡರೆ, ನಮ್ಮ ಪಡಸಾಲೆಯ ಕಲ್ಲಿನಡಿಯ ಕತ್ತಲೆಯೂ ಕೋಟೆಯಷ್ಟೇ ಚರಿತ್ರಾರ್ಹವೆಂದು ನನಗೆ ತೋರುತ್ತದೆ.

ಒಣನೆಲವನ್ನು ನೆಚ್ಚಿ ನಿಂತ ಈ ಊರಿಗೆ ನೀರು ಬಂದಿತು. ಸುಮ್ಮನೆ ಬರಲಿಲ್ಲ. ಸವದತ್ತಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟಾಗಿ, ಕಾಲುವೆಗಳು ಎರೆಯ ಹೊಲಗಳನ್ನು ಮುಟ್ಟಿದ ಹಿಂದೆಯೇ ನೀರಿನ ಕರ, ಅಭಿವೃದ್ಧಿ ಕರಗಳ ಭಾರವೂ ಬಂದಿತು. ನೀರು ಕಾಣದ ಹೊಲದವರೂ ಅದನ್ನು ಹೊರಬೇಕಾಯಿತು. ಕಡೆಗೆ 1980ರ ಜುಲೈ 21ರಂದು, ಅದನ್ನು ವಿರೋಧಿಸಿ ಎದ್ದ ರೈತರ ಮೇಲೆ ಗುಂಡು ಹಾರಿ, ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ ಎಂಬ ರೈತನು ಪ್ರಾಣವನ್ನು ಕೊಟ್ಟನು. ಪ್ರತಿ ವರ್ಷ ಆ ದಿನ ಅವನ ನೆನಪಿನ ವೀರಗಲ್ಲಿನ ಬಳಿ ಜನ ಸೇರುತ್ತಾರೆ. ಮಹಾದಾಯಿ ನದಿಯ ನೀರಿಗಾಗಿ 2015ರಲ್ಲಿ ಹೂಡಿದ ಧರಣಿಯೂ ಇದೇ ಊರಿನಲ್ಲಿ ವರ್ಷಗಟ್ಟಲೆ ನಡೆಯಿತು. ಹೊಲಕ್ಕೆ ಸಾಕಷ್ಟು ನೀರಿಲ್ಲವೆಂದು ಹಗಲೆಲ್ಲ ಪೆಂಡಾಲಿನಲ್ಲಿ ಕುಳಿತು ಬಂದ ರೈತನು ರಾತ್ರಿ ಮನೆಯಲ್ಲಿ ಹಾಸಿಗೆಯ ಕೆಳಗಿನ ನೆಲ ಜಿನುಗುವುದನ್ನು ಕಂಡನೆಂದರೆ ದೂರದವರಿಗೆ ನಂಬುವುದು ಕಷ್ಟ. ನಾವು ಕಂಡಿದ್ದೇವೆ. ಕಾಲುವೆಯ ನೀರಾವರಿಯಿಂದ ಒಳನೀರು ವರ್ಷ ವರ್ಷಕ್ಕೂ ಮೇಲೇರಿತು. ನಲ್ಲಿ ಬಂದ ತರುವಾಯ ಊರ ಬಾವಿಗಳನ್ನು ಸೇದುವವರಿಲ್ಲದಾದರು. ಚರಂಡಿಯ ನೀರಿಗೂ ಸರಿಯಾದ ದಾರಿಯಿರಲಿಲ್ಲ. ಹೀಗೆ ಮೂರು ಕಡೆಯಿಂದ ಬಂದ ನೀರು ಹಿರಿಯರು ಕಾಳಿಗಾಗಿ ತೋಡಿದ ಒಡಲುಗಳನ್ನು ಹೊಕ್ಕಿತು.

2019 ಮತ್ತು 2020ರ ಮಳೆಗಾಲಗಳಲ್ಲಿ ನೆಲ ಕುಸಿಯತೊಡಗಿತು. ಒಂದು ದಿನ ಓಣಿಯ ನಡುವೆ, ಮತ್ತೊಂದು ದಿನ ಒಬ್ಬರ ಅಡುಗೆಯ ಮನೆಯಲ್ಲಿ, ಇನ್ನೊಂದು ದಿನ ದನ ಕಟ್ಟುವ ಜಾಗದಲ್ಲಿ, ಆಳುದ್ದದ ಗುಂಡಿ ಬಾಯ್ದೆರೆಯುವುದು. ನಮ್ಮ ಮನೆಯಿಂದ ಮೂರು ಮನೆಗಳಾಚೆ ಒಂದು ನಸುಕಿನಲ್ಲಿ ನೀರೊಲೆಗೆ ಉರಿ ಹಚ್ಚಲು ಎದ್ದ ವೃದ್ಧೆಯೊಬ್ಬಳು, ಒಲೆ ಇದ್ದ ಜಾಗದಲ್ಲಿ ಒಲೆ ಇಲ್ಲದುದನ್ನು ಕಂಡು, ಕೈಯಲ್ಲಿದ್ದ ಕಡ್ಡಿಪೆಟ್ಟಿಗೆಯನ್ನು ಹಾಗೆಯೇ ಹಿಡಿದುಕೊಂಡು ಕಟ್ಟಿಗೆ ಬಂದು ಕುಳಿತಿದ್ದಳು. ನಾನು ಓಡಿಹೋಗಿ, “ಆಯೀ, ಏನೂ ಆಗಿಲ್ಲಲ್ಲ ನಿನಗ?” ಎಂದೆ. ಆಕೆ ಬಹಳ ಹೊತ್ತು ಸುಮ್ಮನಿದ್ದು, “ನನಗೇನಾಗೇತೋ ತಮ್ಮಾ, ನಮ್ಮ ಮಾವಾರು ಕಾಳ ತುಂಬಿಟ್ಟ ಹಗೇವದು. ಈಗ ನೀರ ತುಂಬೇತಿ. ಅವರ ಇದ್ದಿದ್ರ ನೋಡಿ ಅತ್ತಿದ್ರು” ಎಂದಳು. ತನ್ನ ಒಲೆಗಾಗಿ ಆಕೆ ಅಳಲಿಲ್ಲ.

ಭೂವಿಜ್ಞಾನಿಗಳು ಬಂದರು, ಅಳೆದರು, ಹಳೆಯ ಹಗೇವುಗಳೂ ಏರಿದ ಒಳನೀರೂ ಕಾರಣವೆಂದು ತಿಳಿಸಿದರು. ಗುಂಡಿ ಮುಚ್ಚುವ ಕೆಲಸವೂ ನಡೆಯಿತು. ಆದರೆ ನಮ್ಮ ಓಣಿಯಲ್ಲಿ ಅದನ್ನು ಹಿಡಿದವರೊಬ್ಬರು ಮೇಲಿನಿಂದ ಸಡಿಲ ಮಣ್ಣನ್ನು ಸುರಿದು ಹೋದರು; ಮುಂದಿನ ಮಳೆಗೆ ಅದು ಸಕ್ಕರೆಯಂತೆ ಕರಗಿ ಇಳಿಯಿತು. ಒಳಗಿನ ನೀರನ್ನು ಹೊರಹಾಕದೆ, ಗರಸನ್ನು ಪದರ ಪದರವಾಗಿ ಹಾಕಿ ಗುಮ್ಮದೆ, ಬಾಯಿಯನ್ನಷ್ಟೇ ಮುಚ್ಚುವುದು ಹುಣ್ಣಿನ ಮೇಲೆ ಬಟ್ಟೆ ಕಟ್ಟಿದಂತೆ. ಎಲ್ಲಕ್ಕಿಂತ ಮೊದಲು ಬೇಕಾದುದು ಹಗೇವುಗಳು ಎಲ್ಲೆಲ್ಲಿವೆ ಎಂಬ ಅರಿವು. ಅದು ಕಚೇರಿಯ ಕಾಗದಗಳಲ್ಲಿಲ್ಲ. ಎಂಬತ್ತು ದಾಟಿದ ಹತ್ತಾರು ಮಂದಿಯ ನೆನಪಿನಲ್ಲಿದೆ, ಮತ್ತು ಅವರು ವರ್ಷಕ್ಕೆ ಒಬ್ಬಿಬ್ಬರಂತೆ ಹೋಗುತ್ತಿದ್ದಾರೆ.

“ಹೊಸ ಬಡಾವಣೆಯೊಳಗ ಒಂದು ಪ್ಲಾಟ ತಗೊಂಡ ಬಿಡ್ರಿ ಕಾಕಾ” ಎಂದು ಹಿತವನ್ನು ಬಯಸುವ ಹುಡುಗರು ಹೇಳುತ್ತಾರೆ. ಹೋದವರನ್ನು ನಾನು ದೂರುವುದಿಲ್ಲ. ಕೈಗೂಸಿನ ತಾಯಿಯೊಬ್ಬಳು ಕುಸಿಯುವ ನೆಲದ ಮೇಲೆ ತೊಟ್ಟಿಲನ್ನು ಹೇಗೆ ಕಟ್ಟಿಯಾಳು? ಆದರೆ ನಾನು ನಮ್ಮ ಬಂಧುಗಳಿರುವ ರೋಣಕ್ಕೆ ಹೋದಾಗ, ದ್ರೋಣರ ಹೆಸರಿನಿಂದ ಬಂದುದೆಂದು ಜನ ನಂಬುವ ಆ ಊರಿನಲ್ಲಿ, ಅನಂತಶಯನನ ಗುಡಿಯ ಆಸುಪಾಸಿನಲ್ಲಿಯೇ ಸಂಸಾರಗಳು ಒಲೆ ಹೂಡಿ, ಬಟ್ಟೆ ಒಣಹಾಕಿ, ಶಿಲ್ಪದ ನೆರಳಿನಲ್ಲಿ ಮಕ್ಕಳನ್ನು ಆಡಿಸುತ್ತಿರುವುದನ್ನು ಕಂಡು, ಸಾವಿರ ವರ್ಷದ ಕಲ್ಲಿಗೂ ಬೇಕಾದುದು ಇಂಥ ನೆರೆಯೇ ಎಂದುಕೊಳ್ಳುತ್ತೇನೆ. ಗಜೇಂದ್ರಗಡದಲ್ಲಂತೂ ನನ್ನ ತಂಗಿಯ ಮನೆಗೆ ಹೋಗುವ ಸಂದಿಯಲ್ಲಿ ಈಗಲೂ ಮಗ್ಗದ ಲಾಳಿಯ ಸದ್ದು ಕೇಳುತ್ತದೆ. ಕುಣಿಮಗ್ಗದ ಮುಂದೆ ಕುಳಿತ ನೇಕಾರನು ಮನೆಯ ನೆಲದೊಳಗೆ ತೋಡಿದ ಕುಣಿಯಲ್ಲಿ ಕಾಲಿಳಿಬಿಟ್ಟು ತುಳಿಗೆಯನ್ನು ತುಳಿಯುತ್ತಾನೆ. ಎರಡೂ ಮಗ್ಗುಲನ್ನು ಉಡಬಹುದಾದ, ಎಲ್ಲಮ್ಮನಿಗೆ ಉಡುಗೊರೆಯಾಗಿ ಸಲ್ಲುವ ಪಟ್ಟೆದಂಚಿನ ಸೀರೆಯು ಆ ಸೀಮೆಯದು. ಅಲ್ಲಿ ನೆಲದ ಕುಣಿಯು ಇನ್ನೂ ಒಂದು ಸಂಸಾರವನ್ನು ಸಾಕುತ್ತಿದೆ. ಹೋದ ಸಲ ಆ ಕುಣಿಯ ಅಂಚನ್ನು ಕೈಯಿಂದ ಮುಟ್ಟಿ ನೋಡಿದೆ. ತಲೆಮಾರುಗಳ ತೊಡೆ ತಾಗಿ ಅದು ಒರೆಗಲ್ಲಿನಂತೆ ನುಣುಪಾಗಿತ್ತು.

ಅಲ್ಲಿಂದ ಬಂದ ಮರುವಾರವೇ ನಾನು ನಮ್ಮ ಓಣಿಯ ಹಿರಿಯರೊಬ್ಬರನ್ನು ಕಂಡು ಕೈಮುಗಿದೆ. ಎಳವೆಯಲ್ಲಿ ಹಗೇವು ತುಂಬುವ ಆಳಾಗಿ ಮನೆಮನೆಗೂ ಇಳಿದವರು ಅವರು. ಈಗ ಕಣ್ಣು ಮಂಜಾಗಿದೆ; ಕಿವಿ ಮಾತ್ರ ಚುರುಕು. ಬಡಿಗೆಯ ತುದಿಯಿಂದ ಕಲ್ಲನ್ನು ಕುಟ್ಟಿ, ಸದ್ದನ್ನು ಆಲಿಸಿ, “ಇಲ್ಲೈತ್ರೀ ಬಾಯಿ, ತೆಂಕಲಾಗ ಹೊಟ್ಟಿ ಹೋಗೇತಿ” ಎಂದು ಹೇಳುತ್ತ ಅವರು ಮುಂದೆ, ನೋಟುಬುಕ್ಕನ್ನು ಹಿಡಿದು ನಾನು ಹಿಂದೆ, ಹೀಗೆ ಮನೆಯಿಂದ ಮನೆಗೆ ಹೋದೆವು. ಅವರು ನಿಂತಲ್ಲಿ ನಾನು ಸುಣ್ಣದಿಂದ ದುಂಡನೆಯ ಗುರುತನ್ನು ಹಾಕಿ, ಗೋಡೆಯಿಂದ ಎಷ್ಟು ಮೊಳವೆಂದು ಬರೆದುಕೊಂಡೆ.

ನಮ್ಮ ಮನೆಯ ಸರದಿಯನ್ನು ಕಡೆಗೆ ಇಟ್ಟುಕೊಂಡಿದ್ದೆ. ಗಡಾರಿಯಿಂದ ಕಲ್ಲನ್ನೆತ್ತಿದಾಗ ಹಳೆಯ ಮಣ್ಣಿನ ತಣ್ಣನೆಯ ಉಸಿರು ಮುಖಕ್ಕೆ ಬಡಿಯಿತು. ಆ ಹಿರಿಯ ಅಜ್ಜನವರು ಎಲ್ಲರನ್ನೂ ಹಿಂದಕ್ಕೆ ಸರಿಸಿ, ಪದ್ಧತಿಯಂತೆ ಒಂದು ತಾಸು ಕಾಯಿಸಿ, ಕಂದೀಲನ್ನು ಹಗ್ಗಕ್ಕೆ ಕಟ್ಟಿ ತಾವೇ ಇಳಿಬಿಟ್ಟರು. ದೀಪವು ಆರಲಿಲ್ಲ. ಅದು ಇಳಿದಂತೆ ಸುತ್ತಣ ಗೋಡೆಯಲ್ಲಿ ಗುದ್ದಲಿಯ ಏಟುಗಳು, ನಿನ್ನೆ ಕಡಿದಂತೆ, ಒಂದೊಂದಾಗಿ ಕಾಣಿಸಿಕೊಂಡವು. ಅಲ್ಲಲ್ಲಿ ಮಣ್ಣಿಗೆ ಅಂಟಿದ ಹೊಟ್ಟಿನ ಎಳೆಗಳಿದ್ದವು. ಇನ್ನಷ್ಟು ಇಳಿದಾಗ ಕೆಳಗಿನಿಂದ ಮತ್ತೊಂದು ದೀಪವು ಮೇಲಕ್ಕೆ ಬರತೊಡಗಿತು. ನೀರಿನಲ್ಲಿ ಬಿದ್ದ ಬಿಂಬವದು. “ಎಷ್ಟೈತಿ?” ಎಂದು ಅಜ್ಜನವರು ಕೇಳಿದರು; ಕಣ್ಣು ಮಂಜಾದ ಅವರಿಗೆ ನಾನು, “ಎದಿಮಟ್ಟ ಐತ್ರೀ” ಎಂದೆ.

ಎರಡು ದಿನ ಪಂಪು ಹಚ್ಚಿ ನೀರನ್ನು ಹೊರಹಾಕಿದೆವು. ಮೂರನೆಯ ದಿನ ಗುಡ್ಡದ ಕಡೆಯಿಂದ ತರಿಸಿದ ಗರಸನ್ನು ಗೇಣು ಗೇಣು ಹಾಕಿ ಗುಮ್ಮುತ್ತ ಬಂದೆವು. ಕಲ್ಲನ್ನು ಮತ್ತೆ ಕೂಡಿಸುವ ಮುನ್ನ ನನ್ನ ಹೆಂಡತಿಯು ಒಳಗಿನಿಂದ ಬೊಗಸೆ ಜೋಳವನ್ನು ತಂದು ಬಾಯಿಯಲ್ಲಿ ಚೆಲ್ಲಿದಳು, ಯಾರೂ ಹೇಳಿರಲಿಲ್ಲ. ಅಜ್ಜನವರು ಕಲ್ಲಿನ ಮೇಲೆ ನಿಂತು ಬಡಿಗೆಯಿಂದ ಕುಟ್ಟಿದರು. ಬಾಲ್ಯದಿಂದ ನಾನು ಬಲ್ಲ ಆ ನಾದವು ಬರಲಿಲ್ಲ. ಇನ್ನೊಮ್ಮೆ ಕುಟ್ಟಿ, ತೃಪ್ತಿಯಿಂದ ತಲೆಯಾಡಿಸಿ, “ಗಟ್ಟಿ ಆತು. ಮುಂದಿನ ಮನಿ ಯಾರದರೀ?” ಎಂದು ಹೊಸ್ತಿಲನ್ನು ಬಡಿಗೆಯಿಂದ ತಡವುತ್ತ ಹೊರಟರು.